ಹಂಗೇರಿಯ ಹುಸಾರ್ ದಳಪತಿಯ ಬದುಕನ್ನು ಕನ್ನಡದಲ್ಲಿ ಬರೆಯುವ ಬಗೆ

ದೂರದೇಶದ, ನಮ್ಮ ಓದುಗರಿಗೆ ಹೆಸರೂ ಕೇಳಿ ಗೊತ್ತಿಲ್ಲದ ಒಬ್ಬ ದಳಪತಿಯ ಬಗ್ಗೆ ಕನ್ನಡದಲ್ಲಿ ಲೇಖನ ಬರೆಯಬೇಕೆಂದೋ ಊರಿನ ಗ್ರಂಥಾಲಯದಲ್ಲಿ ಒಂದು ಗಂಟೆ ಮಾತಾಡಬೇಕೆಂದೋ ಹೊರಟವರಿಗಾಗಿ ಈ ಬರಹ. ಉದಾಹರಣೆಗೆ ನಾನು ತೆಗೆದುಕೊಂಡಿರುವುದು ಹದಿನೆಂಟನೆಯ ಶತಮಾನದ ಹಂಗೇರಿಯ ಹದಿಕ್ ಅಂದ್ರಾಶ್ ಎಂಬ ಕುದುರೆಪಡೆಯ ನಾಯಕನನ್ನು. ಕ್ರಮ ಮಾತ್ರ ಇಂಥ ಯಾವ ವ್ಯಕ್ತಿಗಾದರೂ ಸಲ್ಲುತ್ತದೆ.

ನಾನು ಈ ಕ್ರಮಕ್ಕೆ ಬಂದದ್ದು ಒಂದು ಮುಖಭಂಗದ ನಂತರ. ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿಯ ಕಡೆಯ ಒಂದು ಹಳ್ಳಿಯಲ್ಲಿ, ಆಷಾಢದ ಮಳೆ ಹೆಂಚಿನ ಮೇಲೆ ಸುರಿಯುತ್ತಿದ್ದ ಸಂಜೆ, ಹದಿಕ್‌ನನ್ನು ‘ಬರ್ಲಿನ್ ಗೆದ್ದ ವೀರ’ ಎಂದು ಪರಿಚಯಿಸಿ ಮುಕ್ಕಾಲು ಗಂಟೆ ಮಾತಾಡಿದ್ದೆ. ಕರೆಂಟು ಹೋಗಿ ಮೇಣದಬತ್ತಿ ಹಚ್ಚುವಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಕುಳಿತಿದ್ದ ಅಡಿಕೆ ತೋಟದ ಹಿರಿಯರೊಬ್ಬರು, “ಅಲ್ಲ ಮೇಷ್ಟ್ರೇ, ಗೆದ್ದಿದ್ದು ಹೌದಾದ್ರೆ ಅಲ್ಲೇ ಕೂರೋದ್ ಬಿಟ್ಟು ರಾತ್ರೋರಾತ್ರಿ ಜಾಗ ಖಾಲಿ ಮಾಡಿದ್ದು ಎಂತಕ್ಕೆ?” ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಏಕೆಂದರೆ ನಾನು ಸಿದ್ಧಮಾಡಿಕೊಂಡಿದ್ದದ್ದು ಆ ಒಂದು ದಿನದ ರೋಚಕತೆಯನ್ನೇ ಹೊರತು ಆ ಮನುಷ್ಯನ ಎಪ್ಪತ್ತೊಂಬತ್ತು ವರ್ಷಗಳ ಬದುಕನ್ನಲ್ಲ.

ಮೊದಲ ಕೆಲಸ ವ್ಯಕ್ತಿಯ ಆಯ್ಕೆ. ಆ ಕಾಲದ ಹಂಗೇರಿಯಲ್ಲಿ ಬರೆಯಲು ಯೋಗ್ಯರಾದ ಅಶ್ವನಾಯಕರು ಹಲವರಿದ್ದಾರೆ. ನಾದಶ್ದಿ ಫೆರೆಂತ್ಸ್ 1757ರ ಕೋಲಿನ್ ಕಾಳಗದಲ್ಲಿ ಹೆಸರು ಮಾಡಿದವನು. ಕೊವಾಚ್ ಮಿಹಾಯ್ ಅಟ್ಲಾಂಟಿಕ್ ದಾಟಿ ಅಮೆರಿಕದ ಸ್ವಾತಂತ್ರ್ಯಯುದ್ಧಕ್ಕೆ ಸೇರಿ, ಅಲ್ಲಿನ ರಾವುತರಿಗೆ ತರಬೇತಿ ಕೊಟ್ಟು, 1779ರ ಮೇ 11ರಂದು ಚಾರ್ಲ್ಸ್‌ಟನ್ ಬಳಿ ಹೋರಾಡುತ್ತ ಮಡಿದವನು. ಮೊದಲ ಸಲ ಬರೆಯುವವರಿಗೆ ನಾನು ಹದಿಕ್‌ನನ್ನೇ ಸೂಚಿಸುತ್ತೇನೆ. ಅವನ ಬದುಕಿನಲ್ಲಿ ಕತ್ತಿಯೂ ಇದೆ, ಕಚೇರಿಯೂ ಇದೆ, ಮತ್ತು ಕಚೇರಿಯ ಭಾಗವನ್ನು ಹೆಚ್ಚಿನವರು ಹಾರಿಸಿಬಿಡುವುದರಿಂದ ನಿಮಗೆ ಹೊಸದಾಗಿ ಹೇಳಲು ಬೇಕಾದಷ್ಟು ಉಳಿದಿದೆ.

ಎರಡನೆಯದಾಗಿ, ಒಂದು ವಾಕ್ಯವನ್ನೂ ಬರೆಯುವ ಮೊದಲು ನೋಟುಪುಸ್ತಕದಲ್ಲಿ ವರ್ಷ, ಜಾಗ, ಹುದ್ದೆ ಎಂದು ಮೂರು ಕಂಬಗಳ ಪಟ್ಟಿ ಹಾಕಿಕೊಳ್ಳಿ. ಹದಿಕ್‌ನ ಪಟ್ಟಿ ಹೀಗೆ ಸಾಗುತ್ತದೆ. ಹುಟ್ಟಿದ್ದು 1710ರ ಅಕ್ಟೋಬರ್ 16ರಂದು. ತಂದೆ ತಾನೂ ಕುದುರೆಪಡೆಯ ಅಧಿಕಾರಿ. ಹುಡುಗನನ್ನು ಜೆಸ್ಯುಯಿಟ್ ಪಾದ್ರಿಗಳ ಶಾಲೆಗೆ ಹಾಕಿದ್ದರೂ ಅವನು ಪೌರೋಹಿತ್ಯದ ಕಡೆಗೆ ಹೋಗದೆ 1732ರಲ್ಲಿ ಹುಸಾರ್ ಎಂಬ ಹಗುರ ಕುದುರೆಪಡೆಯ ದಳವೊಂದನ್ನು ಸೇರಿದ. ತುರ್ಕರ ವಿರುದ್ಧ 1737ರಿಂದ 1739ರವರೆಗೆ ನಡೆದ ಯುದ್ಧ, ಅದರ ಬೆನ್ನಿಗೇ ಆಸ್ಟ್ರಿಯದ ಉತ್ತರಾಧಿಕಾರದ ಯುದ್ಧ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರಿ 1747ರಲ್ಲಿ ಮೇಜರ್ ಜನರಲ್ ದರ್ಜೆಗೆ ಬಂದ. ಆಸ್ಟ್ರಿಯ ಪ್ರಷ್ಯದೊಡನೆ ಹೋರಾಡಿದ ಏಳು ವರ್ಷಗಳ ಯುದ್ಧ 1756ರಲ್ಲಿ ಶುರುವಾಗುವ ಹೊತ್ತಿಗೆ ಅವನಿಗೆ ನಲವತ್ತೈದು ದಾಟಿತ್ತು. 1757ರಲ್ಲಿ ಪ್ರಷ್ಯದ ರಾಜಧಾನಿ ಬರ್ಲಿನ್ ಮೇಲೆ ದಾಳಿ. 1764ರಿಂದ 1767ರವರೆಗೆ ಟ್ರಾನ್ಸಿಲ್ವೇನಿಯದ ಆಡಳಿತ. 1774ರಲ್ಲಿ ಫೀಲ್ಡ್ ಮಾರ್ಷಲ್ ಪದವಿ ಮತ್ತು ವಿಯೆನ್ನಾದ ಯುದ್ಧಮಂಡಳಿಯ ಅಧ್ಯಕ್ಷತೆ. 1790ರ ಮಾರ್ಚ್ 12ರಂದು ಮರಣ. ಪಟ್ಟಿಯನ್ನು ಒಮ್ಮೆ ದೂರದಿಂದ ನೋಡಿದರೆ, ಜನ ನೆನಪಿಟ್ಟುಕೊಂಡ ಬರ್ಲಿನ್ ಅದರಲ್ಲಿ ಎಷ್ಟು ಚಿಕ್ಕ ಗೆರೆ ಎಂಬುದು ಕಣ್ಣಿಗೆ ಹೊಡೆಯುತ್ತದೆ.

ಪಟ್ಟಿಯ ಮೊದಲ ಸಾಲಿನಲ್ಲೇ ಒಂದು ಪ್ರಶ್ನೆ ಅಡಗಿದೆ, ಅದನ್ನು ಬಿಡಿಸದೆ ಮುಂದೆ ಹೋಗಬಾರದು. ಹದಿಕ್ ಹುಟ್ಟಿದಾಗ ಹಂಗೇರಿಯಲ್ಲಿ ರಾಕೋತ್ಸಿ ಎಂಬ ಶ್ರೀಮಂತನ ನಾಯಕತ್ವದಲ್ಲಿ, ವಿಯೆನ್ನಾದಿಂದ ಆಳುತ್ತಿದ್ದ ಹಾಪ್ಸ್‌ಬರ್ಗ್ ದೊರೆಗಳ ವಿರುದ್ಧ 1703ರಲ್ಲಿ ಎದ್ದ ದಂಗೆ ಇನ್ನೂ ಆರಿರಲಿಲ್ಲ. ಅದು ಕೊನೆಗೊಂಡದ್ದು 1711ರ ಸತ್ಮಾರ್ ಒಪ್ಪಂದದಿಂದ. ಅಂಥ ದೇಶದ ಮಗ ವಿಯೆನ್ನಾದ ದೊರೆಗಾಗಿ ಏಕೆ ಕತ್ತಿ ಹಿಡಿದ ಎಂದು ನಮ್ಮ ಓದುಗ ಕೇಳಿಯೇ ಕೇಳುತ್ತಾನೆ. ದೇಶದ್ರೋಹಿ ಎಂದೋ ದೇಶಭಕ್ತ ಎಂದೋ ಇಂದಿನ ಮಾತಿನಲ್ಲಿ ತೀರ್ಪು ಕೊಡುವ ಬದಲು, ಹಂಗೇರಿಯ ಕಿರೀಟ ಹಾಪ್ಸ್‌ಬರ್ಗ್ ಮನೆತನದ ತಲೆಯ ಮೇಲೆಯೇ ಇತ್ತೆಂಬುದನ್ನು ವಿವರಿಸಿದರೆ ಸಾಕು. ಆ ಮನೆತನದ ಮರಿಯಾ ತೆರೇಸಾ 1741ರ ಜೂನ್ 25ರಂದು ಪೊಝೋನ್ ನಗರದಲ್ಲಿ ಕಿರೀಟ ಧರಿಸಿದ್ದು ‘ರಾಣಿ’ಯಾಗಿ ಅಲ್ಲ, ಹಂಗೇರಿಯ ‘ರಾಜ’ನಾಗಿ, ಏಕೆಂದರೆ ಅಲ್ಲಿನ ಕಾನೂನಿನ ಭಾಷೆ ಆ ಪದವನ್ನೇ ಬಳಸುತ್ತಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಹಂಗೇರಿಯ ಶ್ರೀಮಂತರು ಲ್ಯಾಟಿನ್‌ನಲ್ಲಿ ‘ನಮ್ಮ ಪ್ರಾಣವನ್ನೂ ರಕ್ತವನ್ನೂ ಕೊಡುತ್ತೇವೆ’ ಎಂದು ಆಕೆಗೆ ಮಾತು ಕೊಟ್ಟರು. ಹದಿಕ್ ಆ ತಲೆಮಾರಿನವನು.

ಇನ್ನು ಹೆಸರುಗಳು. ಇಂಗ್ಲಿಷ್ ಪುಸ್ತಕಗಳಿಂದ ನೇರವಾಗಿ ಎತ್ತಿ ‘ಆಂಡ್ರಾಸ್ ಹ್ಯಾಡಿಕ್’ ಎಂದು ಬರೆದರೆ ಎರಡು ಹೆಸರೂ ಕೆಡುತ್ತವೆ. ಹಂಗೇರಿಯನ್ ಲಿಪಿಯಲ್ಲಿ ಒಂಟಿ ‘ಎಸ್’ ಅಕ್ಷರಕ್ಕೆ ‘ಶ’ ಉಚ್ಚಾರ. ‘ಎಸ್’ ಮತ್ತು ‘ಝಡ್’ ಒಟ್ಟಿಗೆ ಬಂದಾಗ ‘ಸ’. ಸ್ವರದ ಮೇಲಿನ ಓರೆಗೆರೆ ನಮ್ಮ ದೀರ್ಘದ ಗುರುತಿನಂತೆ ಕೆಲಸ ಮಾಡುತ್ತದೆ. ಅವರ ‘ಡಿ’ ಇಂಗ್ಲಿಷಿನದಕ್ಕಿಂತ ನಮ್ಮ ‘ದ’ಕ್ಕೆ ಹತ್ತಿರ. ಹಾಗಾಗಿ ಅಂದ್ರಾಶ್, ಹದಿಕ್. ಹ್ರಸ್ವ ದೀರ್ಘ ಎರಡೂ ಉಳ್ಳ ಕನ್ನಡ ಲಿಪಿ ಈ ಭಾಷೆಯ ಹೆಸರುಗಳನ್ನು ಇಂಗ್ಲಿಷಿಗಿಂತ ಚೆನ್ನಾಗಿ ಹಿಡಿದಿಡುತ್ತದೆ ಎಂಬುದು ಬರೆಯುತ್ತ ಹೋದಂತೆ ನಿಮಗೇ ತಿಳಿಯುತ್ತದೆ. ಹಂಗೇರಿಯನ್ನರು ಮನೆತನದ ಹೆಸರನ್ನು ಮೊದಲು ಹೇಳಿ ಆಮೇಲೆ ಸ್ವಂತ ಹೆಸರು ಹೇಳುತ್ತಾರೆ, ಊರಿನ ಹೆಸರಿದ್ದರೆ ಅದು ಎಲ್ಲಕ್ಕಿಂತ ಮುಂದೆ: ‘ಫುತಕಿ ಹದಿಕ್ ಅಂದ್ರಾಶ್’ ಎಂದರೆ ‘ಫುತಕ್ ಊರಿನ, ಹದಿಕ್ ಮನೆತನದ ಅಂದ್ರಾಶ್’. ಊರು, ಮನೆ, ಆಮೇಲೆ ತಾನು ಎಂಬ ಈ ಕ್ರಮ ನಮಗೆ ಹೊಸದೇನಲ್ಲ, ಆದ್ದರಿಂದ ಅದನ್ನು ತಿರುಗಿಸಿ ಬರೆಯುವ ಅಗತ್ಯವೂ ಇಲ್ಲ. ಬುಡಾಪೆಸ್ಟ್, ವಿಯೆನ್ನಾ, ಬರ್ಲಿನ್‌ನಂತೆ ಕನ್ನಡದಲ್ಲಿ ಈಗಾಗಲೇ ನೆಲೆಗೊಂಡ ಹೆಸರುಗಳನ್ನು ಮಾತ್ರ ಹಾಗೆಯೇ ಬಿಡಿ. ಅವುಗಳನ್ನು ತಿದ್ದಲು ಹೋದರೆ ಪಾಂಡಿತ್ಯ ಕಾಣುತ್ತದೆ, ಊರು ಕಾಣುವುದಿಲ್ಲ.

ಊರುಗಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಒಂದೇ ಊರಿಗೆ ಹಂಗೇರಿಯನ್, ಜರ್ಮನ್, ಸ್ಲೋವಾಕ್ ಭಾಷೆಗಳಲ್ಲಿ ಬೇರೆ ಬೇರೆ ಹೆಸರು. ಮರಿಯಾ ತೆರೇಸಾಗೆ ಕಿರೀಟಧಾರಣೆಯಾದ ಪೊಝೋನ್ ಜರ್ಮನರಿಗೆ ಪ್ರೆಸ್‌ಬುರ್ಗ್, ಇಂದಿನ ಭೂಪಟದಲ್ಲಿ ಸ್ಲೋವಾಕಿಯದ ರಾಜಧಾನಿ ಬ್ರಾಟಿಸ್ಲಾವಾ. ಹದಿಕ್‌ನ ಜಹಗೀರಾದ ಫುತಕ್ ಇಂದು ಸರ್ಬಿಯಾದಲ್ಲಿರುವ ಫುತೋಗ್. ಬಿದನೂರು ಹೈದರನಗರವಾಗಿ ಈಗ ಬರೀ ನಗರವಾಗಿರುವುದನ್ನು, ಶಿಮೊಗ್ಗ 2014ರಲ್ಲಿ ಕಾಗದಪತ್ರಗಳಲ್ಲೂ ಶಿವಮೊಗ್ಗವಾದದ್ದನ್ನು ಕಂಡ ನಮ್ಮ ಜಿಲ್ಲೆಯ ಓದುಗರಿಗೆ ಇದನ್ನು ವಿವರಿಸುವುದು ಸುಲಭ. ಮೊದಲ ಸಲ ಬಂದಾಗ ಆ ಕಾಲದ ಹೆಸರು ಕೊಟ್ಟು ಪಕ್ಕದಲ್ಲೇ ಇಂದಿನದನ್ನು ಹೇಳಿ, ಆಮೇಲೆ ಒಂದನ್ನೇ ಕೊನೆಯವರೆಗೂ ಉಳಿಸಿಕೊಳ್ಳಿ.

ಯುದ್ಧದ ಪದಗಳಿಗೆ ನಿಘಂಟಿಗಿಂತ ನಮ್ಮದೇ ಹಳೆಯ ಪಡೆಗಳ ಮಾತು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಕುದುರೆ ಸವಾರನಿಗೆ ‘ರಾವುತ’ ಇದೆ, ನಾಯಕನಿಗೆ ‘ದಳಪತಿ’ ಇದೆ, ಜೀನು, ಲಗಾಮು, ಲಾಳ ಇವೆ. ಆದರೆ ‘ಹುಸಾರ್’ ಎಂಬುದನ್ನು ಅನುವಾದಿಸದೆ ಇಟ್ಟುಕೊಳ್ಳಬೇಕು. ಎದೆಗವಚ ತೊಟ್ಟು, ದೊಡ್ಡ ಕುದುರೆಯೇರಿ, ಸಾಲುಗಟ್ಟಿ ನುಗ್ಗುವ ಭಾರದ ರಾವುತ ಬೇರೆ, ಹಗುರವಾದ ಕುದುರೆ, ಬಾಗಿದ ಕತ್ತಿ, ಒಂದು ಗಿಡ್ಡ ಬಂದೂಕು ಇಟ್ಟುಕೊಂಡು ಶತ್ರುವಿನ ಬೆನ್ನ ಹಿಂದೆ ಸುಳಿದಾಡಿ ಸುದ್ದಿ ತರುವ, ದಾಸ್ತಾನು ಸುಡುವ, ದಾರಿ ಕಡಿಯುವ ಹುಸಾರ್ ಬೇರೆ. ಈ ಸುಳಿದಾಟಕ್ಕೆ ಆ ಕಾಲದ ಜರ್ಮನರು ‘ಚಿಕ್ಕ ಯುದ್ಧ’ ಎನ್ನುತ್ತಿದ್ದರು, ಹಂಗೇರಿಯನ್ನರು ತುರ್ಕರ ಗಡಿಯಲ್ಲಿ ತಲೆಮಾರುಗಳಿಂದ ಅದನ್ನು ಕಲಿತಿದ್ದರು. ಮರಾಠರ ಮತ್ತು ಹೈದರನ ಹಗುರ ಸವಾರರ ನೆನಪಿರುವ ನಾಡಿನಲ್ಲಿ ಈ ವ್ಯತ್ಯಾಸಕ್ಕೆ ಎರಡು ವಾಕ್ಯ ಸಾಕು. ಮೊಬೈಲಿನಲ್ಲಿ ಟೈಪ್ ಮಾಡುವವರಿಗೆ ಒಂದು ಕಿವಿಮಾತು: ಕೀಲಿಮಣೆ ‘ಹುಸಾರ್’ ಅನ್ನು ‘ಹುಷಾರ್’ ಎಂದು ತಿದ್ದಲು ನೋಡುತ್ತದೆ. ನಮ್ಮ ಹುಷಾರು ಪಾರಸಿಯಿಂದ ಬಂದದ್ದು, ಇದಕ್ಕೂ ಅದಕ್ಕೂ ನೆಂಟಸ್ತಿಕೆಯಿಲ್ಲ. ನನ್ನ ಒಂದು ಕರಡಿನಲ್ಲಿ ಇಡೀ ದಳವೇ ಹುಷಾರಾಗಿ ಬರ್ಲಿನ್ ಪ್ರವೇಶಿಸಿತ್ತು.

ಅದೇ ರೀತಿ ಹಾಪ್ಸ್‌ಬರ್ಗ್ ಬಾವುಟದ ಎರಡು ತಲೆಯ ಹದ್ದನ್ನು ‘ಗಂಡಭೇರುಂಡ’ ಎಂದು ಬರೆಯುವ ಆಸೆ ಶಿಕಾರಿಪುರದ ಕಡೆಯವರಿಗೆ ಬಂದರೆ ಆಶ್ಚರ್ಯವಿಲ್ಲ, ಏಕೆಂದರೆ ಬಳ್ಳಿಗಾವಿಯ ಗಂಡಭೇರುಂಡ ಕಂಬವನ್ನು ನೋಡುತ್ತ ಬೆಳೆದವರು ಅವರು. ಬಳ್ಳಿಗಾವಿಯದು ಮನುಷ್ಯದೇಹದ ಮೇಲೆ ಎರಡು ಹಕ್ಕಿತಲೆ ಹೊತ್ತ ವಿಗ್ರಹ, ಅದರ ಹಿಂದೆ ನಮ್ಮದೇ ಪುರಾಣವಿದೆ. ‘ಎರಡು ತಲೆಯ ಹದ್ದು’ ಎಂದೇ ಬರೆಯಿರಿ.

ಈಗ ಬರ್ಲಿನ್. ಇಲ್ಲಿ ಮಾತ್ರ ನಿಧಾನಿಸಬೇಕು, ಪಟ್ಟಿಯ ಒಂದು ಗೆರೆಯನ್ನು ಎರಡು ಪುಟಕ್ಕೆ ಹಿಗ್ಗಿಸಬೇಕು, ಮತ್ತು ನನ್ನನ್ನು ಕೇಳಿದ ಆ ಪ್ರಶ್ನೆಗೆ ಉತ್ತರ ಇಲ್ಲಿಯೇ ಸಿಗಬೇಕು. ಮೊದಲು ಬಾಗಿಲು ಏಕೆ ತೆರೆದಿತ್ತೆಂದು ಹೇಳಿ. 1757ರ ಜೂನ್ 18ರಂದು ಕೋಲಿನ್‌ನಲ್ಲಿ ಸೋತ ಪ್ರಷ್ಯದ ದೊರೆ ಫ್ರೆಡ್ರಿಕ್, ಶರತ್ಕಾಲದ ಹೊತ್ತಿಗೆ ಫ್ರೆಂಚರನ್ನು ಎದುರಿಸಲು ಪಡೆಯೊಂದಿಗೆ ಪಶ್ಚಿಮಕ್ಕೆ ಹೋಗಿದ್ದ. ಅವನ ಇನ್ನೊಂದು ಪಡೆ ಪೂರ್ವದಲ್ಲಿ ಸಿಲೇಸಿಯವನ್ನು ಕಾಯುತ್ತಿತ್ತು. ನಡುವೆ ರಾಜಧಾನಿಯ ದಾರಿ ಬಹುತೇಕ ಬರಿದಾಗಿತ್ತು. ಹದಿಕ್ ಅಕ್ಟೋಬರ್ 11ರಂದು ಎಲ್ಸ್ಟರ್‌ವೆರ್ಡಾ ಎಂಬ ಊರಿನಿಂದ ಹೊರಟ. ಅಲ್ಲಿಂದ ಬರ್ಲಿನ್‌ಗೆ ನೇರ ಗೆರೆ ಎಳೆದರೆ ಸುಮಾರು 120 ಕಿ.ಮೀ., ಅಂದರೆ ಶಿವಮೊಗ್ಗದಿಂದ ತೀರ್ಥಹಳ್ಳಿಯ ಮೇಲೆ ಆಗುಂಬೆ ಘಾಟಿ ಇಳಿದು ಹೆಬ್ರಿ ಸೇರುವಷ್ಟು ದೂರ. ಓದುಗನಿಗೆ ಕಿಲೋಮೀಟರ್ ಹೇಳಿದರೆ ಅಂಕಿಯಾಗಿ ಉಳಿಯುತ್ತದೆ, ಅವನು ಬಸ್ಸಿನಲ್ಲಿ ಹೋದ ದಾರಿ ಹೇಳಿದರೆ ಮೈಗೆ ತಾಕುತ್ತದೆ. ನಮ್ಮ ಘಾಟಿ ಅಲ್ಲಿಲ್ಲ, ನೆಲ ಮಟ್ಟಸ; ಆದರೆ ಕಾಡು ಮತ್ತು ಸ್ಪ್ರೇ ನದಿಯ ಕವಲುಗಳ ಜೌಗು ಇವೆ, ಕಾಣಿಸಿಕೊಳ್ಳದೆ ಸಾಗಬೇಕಾದವನಿಗೆ ಆ ಕಾಡೇ ರಕ್ಷೆ.

ಅಂಕಿಗಳನ್ನು ಇಲ್ಲಿ ಎಚ್ಚರದಿಂದ ಬಳಸಿ. ಹೊರಟ ಪಡೆ ಸುಮಾರು ಐದು ಸಾವಿರ. ಮರಳುವ ದಾರಿ ಕಾಯಲು ನಡುನಡುವೆ ಕೆಲವರನ್ನು ಬಿಟ್ಟು, ನಗರದ ಬಾಗಿಲಿಗೆ ಬಂದವರು ಸುಮಾರು 3,400. ಅವರೆಲ್ಲ ಹುಸಾರರೂ ಅಲ್ಲ, ಕ್ರೊಯೇಷಿಯದ ಗಡಿ ಕಾಲಾಳುಗಳೂ ಇದ್ದರು, ಜತೆಗೆ ಕೆಲವೇ ಫಿರಂಗಿ. ಎದುರಿಗಿದ್ದದ್ದು ಸುಮಾರು ಒಂದು ಲಕ್ಷ ಜನರ ನಗರ, ಅದರೊಳಗೆ ಇವನದಕ್ಕಿಂತ ಚಿಕ್ಕದೇನಲ್ಲದ ಕಾವಲುಪಡೆ. ಆದ್ದರಿಂದ ಅವನ ಬಳಿ ಇದ್ದ ನಿಜವಾದ ಆಯುಧ ಬೆದರಿಕೆ: ಕಾಡಿನ ಅಂಚಿನಲ್ಲಿ ಕಾಣುತ್ತಿರುವುದು ದೊಡ್ಡ ಸೇನೆಯ ಮುಂದಲೆ ಮಾತ್ರ ಎಂದು ಒಳಗಿನವರು ನಂಬಬೇಕು. ಅಕ್ಟೋಬರ್ 16ರ ನಡುಹಗಲು ಅವನು ಸಿಲೇಸಿಯನ್ ಬಾಗಿಲಿಗೆ ಬಂದು ಹಣ ಕೇಳಿ ಕಳಿಸಿದ. ನಗರದ ಕಾವಲಿನ ಮುಖ್ಯಸ್ಥ ರೋಖೋ ಒಪ್ಪಲಿಲ್ಲ. ಫಿರಂಗಿಗಳು ಸಿಡಿದವು, ಬಾಗಿಲು ಬಿತ್ತು, ಹೊರಪೇಟೆಯಲ್ಲಿ ಎದುರಿಗೆ ಬಂದ ಪಡೆಯನ್ನು ರಾವುತರು ಚದುರಿಸಿದರು. ರೋಖೋ ರಾಜಪರಿವಾರವನ್ನು ಕರೆದುಕೊಂಡು ಸ್ಪಾಂಡೌ ಕೋಟೆಯ ಕಡೆ ಸರಿದ. ನಗರಸಭೆಯವರು ಚೌಕಾಸಿಗೆ ಕುಳಿತರು, ಎರಡು ಲಕ್ಷಕ್ಕೂ ಹೆಚ್ಚು ಥಾಲರ್ ಬೆಳ್ಳಿ ನಾಣ್ಯಗಳ ಲೆಕ್ಕಕ್ಕೆ ಮಾತು ಮುಗಿಯಿತು. ಅಂದು ಹದಿಕ್‌ನ ನಲವತ್ತೇಳನೆಯ ಹುಟ್ಟುಹಬ್ಬವಾಗಿತ್ತು. ರಾತ್ರಿಯೇ ಅವನು ಹಿಂದಿರುಗುವ ದಾರಿ ಹಿಡಿದ. ಪ್ರಷ್ಯನ್ನರ ರಕ್ಷಣಾಪಡೆ ಬರುವ ಹೊತ್ತಿಗೆ ನಗರದಲ್ಲಿ ಹಿಡಿಯಲು ಯಾರೂ ಉಳಿದಿರಲಿಲ್ಲ.

ಇದಕ್ಕೆ ‘ಗೆಲುವು’ ಎಂಬ ಪದ ಹೊಂದುವುದಿಲ್ಲ. ಮರಾಠರ ದಂಡು ಬಂದಾಗ ನಮ್ಮ ಸೀಮೆಯ ಊರುಗಳು ತೆತ್ತು ಉಳಿದುಕೊಳ್ಳುತ್ತಿದ್ದ ಹಣಕ್ಕೆ ‘ಖಂಡಣಿ’ ಎನ್ನುತ್ತಿದ್ದರಲ್ಲ, ಬರ್ಲಿನ್‌ನಲ್ಲಿ ಆದದ್ದು ಅದು: ಊರನ್ನು ಹಿಡಿಯುವ ಬಲವಿಲ್ಲದವನು ಸುಡುವ ಬಲವಿದೆಯೆಂದು ತೋರಿಸಿ ವಸೂಲಿ ಮಾಡಿಕೊಂಡು ಹೋದದ್ದು. ಹೋಲಿಕೆ ಬೇಕಾದರೆ ಬಿದನೂರು ಹತ್ತಿರದಲ್ಲೇ ಇದೆ. ಏಳು ವರ್ಷಗಳ ಯುದ್ಧಕ್ಕೆ ಹುಬೆರ್ಟುಸ್‌ಬುರ್ಗ್ ಒಪ್ಪಂದದಿಂದ ತೆರೆಬಿದ್ದ 1763ರಲ್ಲೇ ಹೈದರಾಲಿ ಕೆಳದಿಯ ಅರಸರ ಆ ರಾಜಧಾನಿಗೆ ನುಗ್ಗಿದ. ಅವನು ಖಜಾನೆ ತೆಗೆದುಕೊಂಡು ತಿರುಗಿ ಹೋಗಲಿಲ್ಲ, ಊರಿಗೆ ತನ್ನ ಹೆಸರಿಟ್ಟು ಅಲ್ಲಿಂದ ಆಳಿದ. ಅದು ಗೆಲುವು. ಆ ಹಿರಿಯರ ಪ್ರಶ್ನೆಗೆ ನಾನು ಕೊಡಬೇಕಾಗಿದ್ದ ಉತ್ತರ ಇಷ್ಟೇ, ಹೊಸನಗರದ ದಾರಿಯಲ್ಲಿ ಬಸ್ಸಿನಲ್ಲಿ ಕುಳಿತಾಗ ಅದು ಹೊಳೆಯಿತು. ಹಾಗೆಂದು ಹೋಲಿಕೆಯನ್ನು ಒಂದು ಪ್ಯಾರಾಕ್ಕಿಂತ ಬೆಳೆಸಬೇಡಿ. ಬೆಳೆಸಿದರೆ ಲೇಖನ ಹೈದರನದಾಗುತ್ತದೆ.

ದಾಳಿಯ ಪರಿಣಾಮವನ್ನೂ ಅಳೆದು ತೂಗಿ ಹೇಳಿ. ಫ್ರೆಡ್ರಿಕ್‌ನಿಗೆ ಮುಖಭಂಗವಾಯಿತು, ಅವನು ಕೆಲವು ದಿನ ರಾಜಧಾನಿಯ ಕಡೆ ತಿರುಗಬೇಕಾಯಿತು. ಆದರೆ ಇಪ್ಪತ್ತೇ ದಿನಗಳಲ್ಲಿ, ನವೆಂಬರ್ 5ರಂದು, ರಾಸ್‌ಬಾಖ್‌ನಲ್ಲಿ ಫ್ರೆಂಚರನ್ನು ಹಣ್ಣುಮಾಡಿದ, ಡಿಸೆಂಬರ್ 5ರಂದು ಲಾಯ್ಟೆನ್‌ನಲ್ಲಿ ಆಸ್ಟ್ರಿಯನ್ನರನ್ನೂ ಸೋಲಿಸಿದ. ಹದಿಕ್‌ಗೆ ಸಿಕ್ಕಿದ್ದು ಮರಿಯಾ ತೆರೇಸಾ ಅದೇ ವರ್ಷ ಸ್ಥಾಪಿಸಿದ್ದ ಸೈನಿಕ ಪ್ರಶಸ್ತಿಯ ಅತ್ಯುನ್ನತ ಶಿಲುಬೆ. ಇನ್ನೊಂದು ತಪ್ಪಿಗೂ ಇಲ್ಲಿ ಎಡೆಯಿದೆ: 1760ರ ಅಕ್ಟೋಬರಿನಲ್ಲಿ ರಷ್ಯನ್ನರೂ ಆಸ್ಟ್ರಿಯನ್ನರೂ ಕೂಡಿ ಬರ್ಲಿನ್‌ಗೆ ಮತ್ತೊಮ್ಮೆ ನುಗ್ಗಿದರು. ಅವಸರದಲ್ಲಿ ಬರೆಯುವವರು ಎರಡನ್ನೂ ಕಲಸಿಬಿಡುತ್ತಾರೆ. ಹದಿಕ್‌ನ ದಾಳಿ ಮೊದಲನೆಯದು.

ಕೈಗವಸುಗಳ ಕಥೆಯನ್ನು ಏನು ಮಾಡುವುದೆಂದು ನೀವು ನಿರ್ಧರಿಸಬೇಕಾಗುತ್ತದೆ. ರಾಣಿಗೆ ಕಾಣಿಕೆಯಾಗಿ ಹದಿಕ್ ಎರಡು ಡಜನ್ ಒಳ್ಳೆಯ ಕೈಗವಸುಗಳನ್ನು ನಗರದವರಿಂದ ಪಡೆದನೆಂದೂ, ವಿಯೆನ್ನಾದಲ್ಲಿ ಬಿಚ್ಚಿ ನೋಡಿದರೆ ಎಲ್ಲವೂ ಎಡಗೈಯವೇ ಆಗಿದ್ದವೆಂದೂ ಹೇಳುತ್ತಾರೆ. ಇದು ದಂತಕಥೆ. ಬಿಟ್ಟುಬಿಡಿ ಎನ್ನಲಾರೆ, ಸಭೆಯಲ್ಲಿ ಇದಕ್ಕೆ ಬರುವ ನಗು ಬೇರೆ ಯಾವುದಕ್ಕೂ ಬರುವುದಿಲ್ಲ. ಆದರೆ ‘ಎಂಬ ಕಥೆಯಿದೆ’ ಎಂಬ ಮಾತನ್ನು ವಾಕ್ಯದ ಕೊನೆಗೆ ನುಂಗದೆ ಮೊದಲಿಗೇ ಹೇಳಿ.

ಬರ್ಲಿನ್ ನಂತರದ ಮೂವತ್ತಮೂರು ವರ್ಷಗಳನ್ನು ಎರಡು ಸಾಲಿನಲ್ಲಿ ಮುಗಿಸುವುದು ಸಾಮಾನ್ಯ ದೋಷ. 1764ರ ಜನವರಿ 7ರಂದು ಟ್ರಾನ್ಸಿಲ್ವೇನಿಯದ ಮಾದೇಫಲ್ವಾ ಎಂಬ ಹಳ್ಳಿಯಲ್ಲಿ, ಗಡಿಕಾವಲಿನ ಪಡೆಗೆ ಬಲವಂತದ ಭರ್ತಿಯನ್ನು ವಿರೋಧಿಸಿದ ಸೇಕೆಯ್ ಎಂಬ ಹಂಗೇರಿಯನ್ ಭಾಷಿಕ ಜನರನ್ನು ಸರ್ಕಾರದ ಪಡೆ ಕೊಂದಿತು. ಉಳಿದವರಲ್ಲಿ ಅನೇಕರು ಬೆಟ್ಟ ದಾಟಿ ಓಡಿಹೋದರು. ಆ ಗಾಯ ಹಸಿಯಾಗಿದ್ದಾಗಲೇ ಹದಿಕ್ ಅಲ್ಲಿನ ಆಡಳಿತಕ್ಕೆ ಬಂದ. ಮುಂದೆ, ಓಡಿಹೋದವರನ್ನು ಬುಕೊವಿನಾ ಪ್ರಾಂತ್ಯದಲ್ಲಿ ನೆಲೆಗೊಳಿಸುವ ಕೆಲಸದಲ್ಲಿ ಅವನ ಕೈಯಿತ್ತು, ಅವರು ಕಟ್ಟಿಕೊಂಡ ಹಳ್ಳಿಗಳಲ್ಲಿ ಒಂದರ ಹೆಸರು ಹದಿಕ್‌ಫಲ್ವಾ, ‘ಹದಿಕನ ಹಳ್ಳಿ’. ಇಂದು ಅದು ರೊಮೇನಿಯದ ದೊರ್ನೆಷ್ಟ್. ಖಂಡಣಿ ವಸೂಲಿಗಾರನ ಹೆಸರನ್ನು ಮನೆ ಕಳೆದುಕೊಂಡವರು ತಮ್ಮ ಹಳ್ಳಿಗಿಟ್ಟುಕೊಂಡ ಈ ಸಂಗತಿ ಬರ್ಲಿನ್‌ಗಿಂತ ಕಡಿಮೆ ರೋಚಕವೆಂದು ನನಗನ್ನಿಸುವುದಿಲ್ಲ.

ವಿಯೆನ್ನಾದ ಯುದ್ಧಮಂಡಳಿಯ ಹದಿನಾರು ವರ್ಷಗಳನ್ನು ಬರೆಯುವುದು ಕಷ್ಟ, ಏಕೆಂದರೆ ಕಡತಗಳಿಗೆ ಕುದುರೆಯ ಗೊರಸಿನ ಸದ್ದಿಲ್ಲ. ಭರ್ತಿ, ದಾಸ್ತಾನು, ಬಡ್ತಿ, ಗಡಿಕಾವಲು ಇವೆಲ್ಲ ಅಲ್ಲಿಂದ ನಡೆಯುತ್ತಿದ್ದವು ಎಂದು ಹೇಳಿ ಮುಂದೆ ಹೋದರೂ ಅಡ್ಡಿಯಿಲ್ಲ. 1789ರಲ್ಲಿ, ಎಪ್ಪತ್ತೆಂಟರ ವಯಸ್ಸಿನಲ್ಲಿ, ತುರ್ಕರ ವಿರುದ್ಧದ ಸೇನೆಗೆ ಅವನನ್ನೇ ನಾಯಕನಾಗಿ ಕಳಿಸಿದರು. ಕಾಯಿಲೆ ಬಿದ್ದು ಹಿಂದೆ ಸರಿದ. ಅವನ ಜಾಗಕ್ಕೆ ಬಂದ ಆಸ್ಟ್ರಿಯದ ದಳಪತಿ ಲೌಡನ್ ಅಕ್ಟೋಬರ್ 8ರಂದು ಬೆಲ್‌ಗ್ರೇಡ್ ಹಿಡಿದ. ಮರುವರ್ಷ ಫೆಬ್ರವರಿ 20ರಂದು ಚಕ್ರವರ್ತಿ ಎರಡನೆಯ ಜೋಸೆಫ್ ತೀರಿಕೊಂಡ, ಮೂರು ವಾರ ಕಳೆಯುವುದರೊಳಗೆ ಹದಿಕ್, ಜುಲೈನಲ್ಲಿ ಲೌಡನ್. ಈ ದಿನಾಂಕಗಳನ್ನು ಸಾಲಾಗಿ ಇಟ್ಟರೆ ಸಾಕು, ವಿಶೇಷಣ ಬೇಡ.

ಬರವಣಿಗೆಯ ಧಾಟಿಯ ಬಗ್ಗೆ ಒಂದು ಮಾತು. ಹದಿಕ್‌ನನ್ನು ‘ಅವನು’ ಎನ್ನಬೇಕೋ ‘ಅವರು’ ಎನ್ನಬೇಕೋ ಎಂಬುದನ್ನು ಮೊದಲ ಪುಟದಲ್ಲೇ ತೀರ್ಮಾನಿಸಿ. ಹೈದರ್, ಶಿವಪ್ಪನಾಯಕ ನಮಗೆ ‘ಅವನು’ ಆಗಿರುವಾಗ ಇವನಿಗೆ ಬಹುವಚನ ಕೊಟ್ಟರೆ ವಿಚಿತ್ರವಾಗಿ ಕೇಳಿಸುತ್ತದೆ. ಕರಡು ಮುಗಿದ ಮೇಲೆ ಮನೆಯಲ್ಲಿ ಯಾರಿಗಾದರೂ ಗಟ್ಟಿಯಾಗಿ ಓದಿಹೇಳಿ. ಅವರು ತಡೆದು ‘ಯಾವನು, ಫ್ರೆಡ್ರಿಕನೋ ಇವನೋ?’ ಎಂದು ಕೇಳಿದ ಕಡೆಯಲ್ಲೆಲ್ಲ ಸರ್ವನಾಮ ತೆಗೆದು ಹೆಸರು ಹಾಕಿ.

ಕೊನೆಗೆ ಪ್ರತಿಮೆ. ಬುಡಾ ಕೋಟೆಯ ಓಣಿಯೊಂದರ ತಿರುವಿನಲ್ಲಿ 1937ರಲ್ಲಿ ನಿಲ್ಲಿಸಿದ ಹದಿಕ್‌ನ ಕಂಚಿನ ಅಶ್ವಾರೂಢ ಪ್ರತಿಮೆಯಿದೆ, ಶಿಲ್ಪಿ ವಶ್ತಗ್ ಜ್ಯೊರ್ಜ್. ಕಂಚೆಲ್ಲ ಮಬ್ಬು ಹಸಿರಾಗಿದ್ದರೂ ಕುದುರೆಯ ವೃಷಣಗಳು ಮಾತ್ರ ಹೊಸ ಹಿತ್ತಾಳೆ ಚೆಂಬಿನಂತೆ ಫಳಫಳಿಸುತ್ತವೆ: ಪರೀಕ್ಷೆಗೆ ಹೋಗುವ ವಿದ್ಯಾರ್ಥಿಗಳು ಒಳ್ಳೆಯದಾಗಲೆಂದು ಅದನ್ನು ಸವರಿ ಹೋಗುವ ರೂಢಿ ಅಲ್ಲಿದೆ. ಇದನ್ನು ಲೇಖನದ ಆರಂಭಕ್ಕೆ ಹಾಕಬೇಡಿ, ಹಾಕಿದರೆ ಓದುಗನಿಗೆ ಕುದುರೆಯೇ ನೆನಪಿರುತ್ತದೆ. ಸಭೆಯಲ್ಲಿ ಹೇಳುವುದಾದರೆ ಪ್ರಶ್ನೋತ್ತರ ಮುಗಿದು ಕಾಫಿ ಬರುವ ಹೊತ್ತಿಗೆ ಹೇಳಿ.